ಬರೇ ಡಬ್ಬಿ ಕೊಡಬಾರದು

ನಾಶಿಕ್ ರೋಡ್ ಜೈಲು
16 ಜನವರಿ 2024

ಮಂಗಲಾ ಅಕ್ಕನಿಗೆ ಶಾಂತಕುಮಾರನ ಶರಣು.

ನಾನು ಆರಾಮ ಇದ್ದೇನೆ. ಜೈಲಿನಿಂದ ಬರೆಯುವವರೆಲ್ಲ ಮೊದಲು ಇದನ್ನೇ ಬರೆಯುತ್ತಾರೆ ಎಂದು ನಗಬೇಡ. ನಿನ್ನೆ ಸಂಕ್ರಾಂತಿಗೆ ಎಳ್ಳುಂಡೆ ಕೊಟ್ಟರು. ಕಲ್ಲಿನಂತೆ ಗಟ್ಟಿ ಇತ್ತು, ನನ್ನ ಹಲ್ಲೂ ಗಟ್ಟಿ ಇವೆ, ತಿಂದೆ.

ಈ ವರ್ಷವೂ ನನ್ನನ್ನು ಗಣಪತಿ ಮಾಡುವ ಶೆಡ್ಡಿಗೆ ಹಾಕಿದ್ದಾರೆ. ಗಣಪತಿಯ ಮುಖಕ್ಕೆ ಪಳಗಿದ ಕೈ ಬೇಕು, ಅದಕ್ಕೆ ಹಳಬರಿದ್ದಾರೆ. ನನ್ನ ಪಾಲಿಗೆ ಬಂದದ್ದು ಇಲಿ. ದಿನಕ್ಕೆ ಮೂವತ್ತು ಇಲಿ ಮಾಡುತ್ತೇನೆ. ನಮ್ಮೂರು ಆಲಮೇಲದ ಹೊಲದಲ್ಲಿ ಇಲಿ ಹೊಡೆದ ಪಾಪವೆಲ್ಲ ಈಗ ತೀರಿರಬೇಕು.

ಒಂದು ಸುದ್ದಿ ಇದೆ. ಹೈಕೋರ್ಟಿನಲ್ಲಿ ಕೂತಿರುವ ನನ್ನ ಅಪೀಲಿಗೆ ಸರಕಾರದಿಂದ ಹೊಸ ವಕೀಲರನ್ನು ಕೊಟ್ಟಿದ್ದಾರೆ. ವೈಜನಾಥ ಎಂದು ಹೆಸರು, ನಿಮ್ಮ ಸಂಭಾಜಿನಗರದಲ್ಲೇ ಇರುತ್ತಾರೆ. ಉದಗೀರ ಕಡೆಯವರಾದ್ದರಿಂದ ಕನ್ನಡ ಬರುತ್ತದಂತೆ. ನೀನು ಮಾತ್ರ ಅವರ ಹಿಂದೆ ತಿರುಗಿ ಚಪ್ಪಲಿ ಸವೆಸಬೇಡ. ನಮ್ಮ ಕೂಲಿಗಳ ಮೇಲಿದ್ದ ಮುಕಾದಮ ರಾಕೇಶನನ್ನು ನಾನು ಕೊಂದಿಲ್ಲ ಎಂದು ನಿನಗೆ ಗೊತ್ತು, ನನಗೆ ಗೊತ್ತು. ಸದ್ಯ ಅಷ್ಟು ಸಾಕು.

ಕನ್ನಡ ಪತ್ರ ಓದಿ ಸಿಕ್ಕಾ ಒತ್ತುವ ಸಿಪಾಯಿ ಇಲ್ಲಿ ಒಬ್ಬರೇ, ಜತ್ತಿನವರು. ಅವರು ರಜೆ ಹೋದರೆ ನಿನ್ನ ಪತ್ರವೂ ರಜೆ ಹೋಗುತ್ತದೆ. ತಡವಾದರೆ ಗಾಬರಿಯಾಗಬೇಡ.

ರೇವಪ್ಪ ಮಾವನಿಗೆ ಶರಣು ಹೇಳು.

ನಿನ್ನ ತಮ್ಮ
ಶಾಂತಕುಮಾರ


ಸಂಭಾಜಿನಗರ
4 ಫೆಬ್ರುವರಿ 2024

ಚಿರಂಜೀವಿ ಶಾಂತೂಗೆ ಅಕ್ಕನ ಆಶೀರ್ವಾದ.

ಚಪ್ಪಲಿ ನನ್ನವು, ಸವೆಸುವವಳೂ ನಾನೇ. ನಿನ್ನನ್ನು ಕೇಳಿ ಕಾಲಿಗೆ ಹಾಕಿಕೊಳ್ಳುವುದಿಲ್ಲ. ಮೆಸ್ಸಿನ ರೊಟ್ಟಿ ಬಡಿದು ಮುಗಿಸಿ, ಹಿಟ್ಟಿನ ಕೈಯಲ್ಲೇ ವೈಜನಾಥ ವಕೀಲರ ಆಫೀಸಿಗೆ ಹೋಗಿ ಬಂದೆ.

ಅವರು ನಿನ್ನ ಕೇಸಿನ ಕಾಗದಗಳನ್ನೆಲ್ಲ ಓದಿದ್ದಾರೆ. ನನಗೆ ಚಹಾ ತರಿಸಿ, ತಾವು ಕುಡಿಯದೆ ಕೂತು, ಹೀಗೆ ಅಂದರು:

"ಮಂಗಲಾಬಾಯಿ, ನಿಮ್ಮ ತಮ್ಮನ್ನ ಸಾಕ್ಷಿದಾರರು ಜೈಲಿಗೆ ಹಾಕಿಲ್ಲ. ಅವನ ಬಾಯಿನೇ ಹಾಕ್ಯದ."

ನನಗೆ ಸಿಟ್ಟು ಬಂತು. ಆಮೇಲೆ ಅವರು ಒಂದೊಂದಾಗಿ ಹೇಳಿದರು. ಕೂಲಿ ಹೆಂಗಸರ ತಗಡಿನ ಶೆಡ್ಡನ್ನು ಮುಕಾದಮ ಗಟಾರದ ಅಂಚಿಗೆ ಸರಿಸಿದನೆಂದು ನೀನು ಹತ್ತು ಜನರ ಎದುರು ಅವನ ಜೊತೆ ಜಗಳವಾಡಿದೆ, "ನಾಳೆ ನೋಡ್ಕೋತೀನಿ" ಅಂದೆ. ಮರುದಿನ ಬಿಲ್ಡಿಂಗ್ ಕೆಲಸಕ್ಕೆ ನೀನು ಹೋಗಲೇ ಇಲ್ಲ. ಅಂದೇ ಹಾಡುಹಗಲೇ, ಹನ್ನೊಂದರಿಂದ ಹನ್ನೆರಡೂವರೆಯ ಒಳಗೆ, ಸಿಮೆಂಟಿನ ಗೋದಾಮಿನಲ್ಲಿ ಯಾರೋ ಅವನ ತಲೆ ಒಡೆದರು. ಎಲ್ಲಿದ್ದೆ ಎಂದು ಕೇಳಿದರೆ ರೂಮಿನಲ್ಲಿ ಮಲಗಿದ್ದೆ ಅಂದೆ. ರೂಮಿಗೆ ಹೊರಗಿನಿಂದ ಕೀಲಿ ಇತ್ತು ಎಂದು ನೆರೆಮನೆಯ ಜಗದೇವಿ ಸಾಕ್ಷಿ ನುಡಿದಳು. ಅಂಗಿಯ ಮೇಲೆ ರಕ್ತ ಯಾಕೆ ಎಂದರೆ ಕಾಯಿಪಲ್ಯೆ ಹೆಚ್ಚುವಾಗ ಅಂಗೈ ಕೊಯ್ದುಕೊಂಡೆ ಅಂದೆ. ಕೀಲಿ ಹಾಕಿದ ರೂಮಿನಲ್ಲಿ ಕಾಯಿಪಲ್ಯೆ ಹೆಚ್ಚಿದವರು ಯಾರು? ನಿನ್ನ ರಕ್ತದ ಗುಂಪೂ ಸತ್ತವನದೂ ಒಂದೇ ಆಗಿಬಿಟ್ಟಿತು.

ಜಗದೇವಿಯನ್ನು ನಾನು ಐದು ವರ್ಷ ಬೈದಿದ್ದೇನೆ. ಅವಳು ಸುಳ್ಳು ಹೇಳಲಿಲ್ಲವೇನೋ ಎಂದು ಅಂದು ಮೊದಲ ಸಲ ಅನ್ನಿಸಿತು.

ನೀನು ಕೊಂದಿಲ್ಲ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಎಲ್ಲಿದ್ದೆ? ವಕೀಲರು ಬೇರೇನೂ ಕೇಳುವುದಿಲ್ಲ, ಅದೊಂದನ್ನು ಕೇಳುತ್ತಾರೆ. ನಾನೂ ಅದನ್ನೇ ಕೇಳುತ್ತೇನೆ.

ಉತ್ತರದ ದಾರಿ ನೋಡುವ
ಅಕ್ಕ ಮಂಗಲಾ


ನಾಶಿಕ್ ರೋಡ್ ಜೈಲು
27 ಫೆಬ್ರುವರಿ 2024

ಅಕ್ಕನಿಗೆ ಶರಣು.

ರೂಮಿನಲ್ಲೇ ಇದ್ದೆ. ಅದೆಲ್ಲ ಹೇಳಿ ಮುಗಿದ ಮಾತು, ಮತ್ತೆ ಕೆದಕುವುದು ಬೇಡ. ವಕೀಲರಿಗೂ ಹಾಗೇ ಹೇಳು.

ಇಲ್ಲಿ ಬಿಸಿಲು ಶುರುವಾಗಿದೆ. ಇಲಿಗಳು ಬೇಗ ಒಣಗುತ್ತವೆ. ಒದ್ದೆ ಇರುವಾಗಲೇ ಹೆಬ್ಬೆಟ್ಟಿನಿಂದ ಬೆನ್ನು ನೀವಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ.

ಬೆನ್ನು ಅಂದಾಗ ನೆನಪಾಯಿತು. ಮಾವನ ಬೆನ್ನು ಈಗ ಹೇಗಿದೆ? ಸಿಲ್ಲೋಡದ ಆ ಎಣ್ಣೆ ಹಚ್ಚುವುದನ್ನು ಬಿಡಬೇಡಿ ಎಂದು ಹೇಳು. ಭಾರ ಎತ್ತುವ ಕೆಲಸ, ಹುಷಾರಾಗಿರಲಿ.

ನಿನ್ನ
ಶಾಂತೂ


ಸಂಭಾಜಿನಗರ
12 ಮಾರ್ಚ್ 2024

ಶಾಂತೂ,

ಹದಿನೆಂಟು ವರ್ಷದಿಂದ ನಿಮ್ಮ ಮಾವನ ಜೊತೆ ಸಂಸಾರ ಮಾಡುತ್ತಿದ್ದೇನೆ. ಅವರಿಗೆ ಬೆನ್ನು ನೋವಿದೆ ಎಂದು ನನಗೆ ಗೊತ್ತಿಲ್ಲ. ಜೈಲಿನಲ್ಲಿರುವ ನಿನಗೆ ಹೇಗೆ ಗೊತ್ತು?

ನಿನ್ನ ಪತ್ರ ಓದಿ ಅಟ್ಟದ ಮೇಲೆಲ್ಲ ಹುಡುಕಿದೆ. ಹಳೆಯ ಕಂಬಳಿಯೊಳಗೆ ಎಣ್ಣೆಯ ಸೀಸೆ ಸಿಕ್ಕಿತು. ಸಿಲ್ಲೋಡದ ನಾಟಿ ವೈದ್ಯರ ಚೀಟಿ ಅಂಟಿಸಿದ್ದು, ಅರ್ಧ ಖಾಲಿ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತೆ. ಆಗ ನನಗೆ ಡಬ್ಬಿ ನೆನಪಾಯಿತು.

ಅವ್ವ ಚನಬಸವ್ವನ ಮಾತು ನಿನಗೆ ನೆನಪಿದೆಯಲ್ಲ? "ಬರೇ ಡಬ್ಬಿ ತಿರುಗಿ ಕೊಡಬಾರದು, ಕೊಟ್ಟ ಮನಿ ಬರಿದಾಗತದ." ನೀನು ಅದನ್ನು ಎಂದೂ ಬಿಟ್ಟವನಲ್ಲ. ನನ್ನಿಂದ ಡಬ್ಬಿ ಒಯ್ದ ದಿನ ಅದರಲ್ಲಿ ಏನಾದರೊಂದು ಹಾಕಿಯೇ ತರುತ್ತಿದ್ದೆ. ನಾಲ್ಕು ಶೇಂಗಾ, ಒಂದು ಬಾರಿಹಣ್ಣು, ಏನೂ ಸಿಗದಿದ್ದರೆ ಬೇವಿನ ಎಲೆ. ನಿಮ್ಮ ಮಾವ ಇಂಥದ್ದಕ್ಕೆಲ್ಲ ನಗುವವರು. ಅವರ ಡಬ್ಬಿ ಬಂದರೆ ಒಳಗೆ ಚಮಚೆ ಮಾತ್ರ ಸಪ್ಪಳ ಮಾಡುತ್ತಿತ್ತು.

ಆದರೆ ಐದು ವರ್ಷದ ಹಿಂದಿನ ಆ ಬೇಸಿಗೆಯಲ್ಲಿ ಐದಾರು ದಿನ ಅವರ ಡಬ್ಬಿಯಲ್ಲಿ ಶೇಂಗಾ ಚಿಕ್ಕಿ ಬಂದಿತ್ತು. ಶೇಂದ್ರಾದ ಅವರ ಕಂಪನಿ ಕ್ಯಾಂಟೀನಿನ ಕಾಗದ ಸುತ್ತಿದ್ದು. ನಾನು ಏನೆಂದುಕೊಂಡೆ ಗೊತ್ತೇ? ಹದಿಮೂರು ವರ್ಷವಾದ ಮೇಲೆ ಗಂಡನಿಗೆ ಹೆಂಡತಿಯ ನೆನಪಾಗತೊಡಗಿದೆ ಎಂದುಕೊಂಡೆ. ಬಾಯಿ ಬಿಟ್ಟು ಕೇಳಿದರೆ ನಿಲ್ಲಿಸಿಬಿಟ್ಟಾರು ಎಂದು ಕೇಳಲೂ ಇಲ್ಲ. ಆ ದಿನಗಳಲ್ಲಿ ನಾನು ಎಷ್ಟು ಖುಷಿಯಾಗಿದ್ದೆ ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ನಿನ್ನನ್ನು ಹಿಡಿದ ದಿನವೂ ಆ ಡಬ್ಬಿಯಲ್ಲಿ ಚಿಕ್ಕಿ ಇತ್ತು. ಸಂಜೆ ಪೊಲೀಸರು ಬಂದರು, ನಾನು ತಿನ್ನಲಿಲ್ಲ. ಗೋಡೆಯ ಮಾಡದಲ್ಲಿ ಇಟ್ಟದ್ದು ವಾರದ ಮೇಲೆ ಇರುವೆ ಹತ್ತಿದಾಗ ಎಸೆದೆ. ಅದಕ್ಕೇ ಇಷ್ಟು ನೆನಪು.

ನಿಮ್ಮ ಮಾವನನ್ನು ಕೇಳಿದೆ. ಸೀಸೆ ನೋಡಿದರು, ನನ್ನನ್ನು ನೋಡಿದರು, ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಅಂದು ಅವರ ಡಬ್ಬಿ ಒಯ್ದವನು ನೀನೇ ತಾನೇ? ಹೌದು ಅಥವಾ ಅಲ್ಲ, ಅಷ್ಟೇ ಬರೆ. ಇಲಿಯ ಸುದ್ದಿ ಬೇಡ.

ಮಂಗಲಾ


ನಾಶಿಕ್ ರೋಡ್ ಜೈಲು
11 ಏಪ್ರಿಲ್ 2024

ಅಕ್ಕಾ,

ಹೌದು.

ಇದನ್ನು ಬರೆಯಲು ಒಂದು ತಿಂಗಳು ಹಿಡಿಯಿತು. ಮೊನ್ನೆ ಯುಗಾದಿಗೆ ಬೇವು ತಿಂದೆ. ಕಹಿಯನ್ನು ನುಂಗಿಯೇ ಬಿಡಬೇಕು, ಬಾಯಲ್ಲಿ ಇಟ್ಟುಕೊಂಡು ಕೂತರೆ ಹೆಚ್ಚಾಗುತ್ತದೆ. ಎಲ್ಲವನ್ನೂ ಹೇಳಿಬಿಡುತ್ತೇನೆ.

ಆ ವರ್ಷ ಮಾವನನ್ನು ಕಂಪನಿಯಲ್ಲಿ ಕಾಯಂ ಮಾಡುವ ಮಾತು ನಡೆದಿತ್ತು. ಅಷ್ಟರಲ್ಲಿ ಅವರ ಬೆನ್ನು ಹಿಡಿದುಕೊಂಡಿತು. ಬೆನ್ನು ಕೆಟ್ಟವನನ್ನು ಯಾರೂ ಕಾಯಂ ಮಾಡುವುದಿಲ್ಲ, ರಜೆ ಹಾಕಿದರೂ ಹೆಸರು ಹೊಡೆಯುತ್ತಾರೆ. ಅದಕ್ಕೆ ಅವರು ಸಿಲ್ಲೋಡಕ್ಕೆ ಎಣ್ಣೆ ತಿಕ್ಕಿಸಿಕೊಳ್ಳಲು ಹೋದ ದಿನ ಅವರ ಗೇಟ್ ಪಾಸ್ ಕೊರಳಿಗೆ ಹಾಕಿಕೊಂಡು, ಅವರ ಡಬ್ಬಿ ಹಿಡಿದು ನಾನು ಹೋಗುತ್ತಿದ್ದೆ. ಹೆಲ್ಮೆಟ್ ಹಾಕಿ ಮೂಗಿಗೆ ಬಟ್ಟೆ ಕಟ್ಟಿದರೆ ಗೇಟಿನವನಿಗೆ ರೇವಪ್ಪ ಯಾರು, ಶಾಂತಕುಮಾರ ಯಾರು? ನಮ್ಮ ಓಣಿಯಲ್ಲಿ ಅಣ್ಣನ ಪಾಸಿನಲ್ಲಿ ತಮ್ಮ ಹೋಗದ ಮನೆ ಯಾವುದಿದೆ ಹೇಳು. ನಿನಗೆ ಹೇಳಬೇಡ ಅಂದದ್ದು ಮಾವ. ನೀನು ಬೆನ್ನಿನ ಚಿಂತೆ ಮಾಡುತ್ತೀ ಎಂದು.

ಮುಕಾದಮನ ತಲೆ ಒಡೆದ ಹೊತ್ತಿಗೆ ನಾನು ಹದಿನೆಂಟು ಕಿಲೋಮೀಟರ್ ದೂರ ಶೇಂದ್ರಾದಲ್ಲಿದ್ದೆ. ತಗಡು ಎತ್ತುವಾಗ ಎಡ ಅಂಗೈ ಕೊಯ್ಯಿತು. ಅಂಗಿಯ ಮೇಲಿನ ರಕ್ತ ಅದೇ. ಕಂಪನಿಯ ಔಷಧಿ ಕೋಣೆಯಲ್ಲಿ ಮಹಿಬೂಬ ಎಂಬ ಕಂಪೌಂಡರ್ ಪಟ್ಟಿ ಕಟ್ಟಿ, ಸೂಜಿ ಚುಚ್ಚಿ, ರಜಿಸ್ಟರಿನಲ್ಲಿ ರೇವಪ್ಪ ಎಂದು ಬರೆದರು. ಸಹಿ ಮಾಡು ಅಂದರು. ಮಾವ ಸಹಿ ಕಲಿತವರಲ್ಲ. ಸಹಿ ಮಾಡಿದರೆ ಸಿಕ್ಕಿಬೀಳುತ್ತೇನೆ ಎಂದು ಹೆಬ್ಬೆಟ್ಟು ಒತ್ತಿದೆ. ಏಳನೇ ಇಯತ್ತೆ ಪಾಸಾದವನು ಹೆಬ್ಬೆಟ್ಟು ಒತ್ತುವಾಗ ನಗು ಬಂದಿತ್ತು.

ಪೊಲೀಸರು ಎಲ್ಲಿದ್ದೆ ಎಂದಾಗ ಬಾಯಿಗೆ ಬಂದದ್ದು ರೂಮು. ಕೊಂದಿಲ್ಲವಲ್ಲ, ನಾಲ್ಕು ದಿನದಲ್ಲಿ ಬಿಡುತ್ತಾರೆ, ಅಷ್ಟಕ್ಕೆ ಮಾವನ ಕೆಲಸ ಯಾಕೆ ಕಳೆಯಲಿ ಎಂದುಕೊಂಡೆ. ಮೊದಲ ಸಲ ಕಾಣಲು ಬಂದಾಗ ಮಾವನಿಗೆ ನಾನೇ ಹೇಳಿದೆ, ಬಾಯಿ ಬಿಡಬೇಡಿ ಎಂದು. ಒಂದು ಸುಳ್ಳಿನ ಹಿಂದೆ ಇನ್ನೊಂದು ಬಂತು. ಮುಂದಿನದು ನಿನಗೆ ಗೊತ್ತು.

ಈಗಲೂ ಅದನ್ನೇ ಬೇಡಿಕೊಳ್ಳುತ್ತೇನೆ. ಮಾವ ಕಾಯಂ ಆಗಿದ್ದಾರೆ. ನಿನ್ನ ಮನೆ ಅದರ ಮೇಲೆ ನಿಂತಿದೆ. ಅದನ್ನು ಕೆಡಿಸಬೇಡ.

ಶಾಂತೂ

ತಾ.ಕ. ಚಿಕ್ಕಿ ಹಾಕಿದವನು ನಾನೇ. ನೀನು ಮಾವ ಹಾಕಿದರೆಂದು ತಿಳಿದಿದ್ದೆ ಎಂದು ಗೊತ್ತಿರಲಿಲ್ಲ. ಅದಕ್ಕಾಗಿ ಬಹಳ ಕೆಟ್ಟದೆನಿಸುತ್ತಿದೆ.


ಸಂಭಾಜಿನಗರ
20 ಮೇ 2024

ಚಿ. ಶಾಂತೂಗೆ ಆಶೀರ್ವಾದ.

ನನ್ನ ಮನೆ ನಿನ್ನ ಬೆನ್ನ ಮೇಲೆ ನಿಂತಿತ್ತು ಎಂದು ಗೊತ್ತಿದ್ದರೆ ನಾನು ಅದರಲ್ಲಿ ಒಂದು ರಾತ್ರಿಯೂ ಮಲಗುತ್ತಿರಲಿಲ್ಲ. ಎರಡು ದಿನ ಅತ್ತೆ, ಮೂರನೇ ದಿನ ನಿನ್ನನ್ನು ಬೈದೆ, ನಾಲ್ಕನೇ ದಿನ ಕಾಗದ ತೆಗೆದುಕೊಂಡು ವಕೀಲರ ಹತ್ತಿರ ಹೋದೆ. ನಿನ್ನ ಬೇಡಿಕೆ ನಿನ್ನ ಹತ್ತಿರವೇ ಇರಲಿ.

ವಕೀಲರು ಪತ್ರ ಓದಿ ಎದ್ದು ನಿಂತರು. "ಸಹಿ ಮಾಡಿದ್ರ ಕೆಟ್ಟಿದ್ದ ನೋಡ್ರಿ. ರೇವಪ್ಪ ಅಂತ ಯಾರರ ಬರೀಬಹುದು. ಹೆಬ್ಬೆಟ್ಟ ಮಾತ್ರ ಅವನದ ಬೀಳತದ!" ಅಂದರು. ಮುಖ ನೋಡಬೇಕಿತ್ತು, ಹಬ್ಬದ ಹುಡುಗರಂತಾಗಿತ್ತು.

ಮಹಿಬೂಬ ಕಂಪನಿ ಬಿಟ್ಟು ಮೂರು ವರ್ಷವಾಯಿತಂತೆ. ಈಗ ಖುಲ್ತಾಬಾದದ ದರ್ಗಾದ ಹಾದಿಯಲ್ಲಿ ಹೂವು, ಚಾದರ ಮಾರುತ್ತಾರೆ. ಹೋದ ಗುರುವಾರ ಹೋಗಿ ಹುಡುಕಿದೆ. ಗುರುವಾರ ಹೋಗಬಾರದಿತ್ತು, ಜನವೋ ಜನ. ಗಿರಾಕಿಗಳ ನಡುವೆ ನಿಂತು ಕೇಳಿದೆ. ಗುಲಾಬಿ ಹೆಣೆಯುವ ಕೈ ನಿಲ್ಲಿಸದೆ ಅವರು ಅಂದರು:

"ಎಡಗೈಗೆ ಪಟ್ಟಿ ಕಟ್ಟಿದ್ದೆ ಅಕ್ಕಾ, ಅದಕ್ಕ ಬಲಗೈ ಅಂಗೂಠಾ ತಗೊಂಡೆ. ಬಾಜೂಕ 'ಬಲ' ಅಂತ ಬರದೀನಿ. ಹನ್ನೊಂದು ನಲವತ್ತು ಟೈಮ್. ಸೂಜಿ ಚುಚ್ಚಿದಾಗ ಕನ್ನಡದಾಗ ಬೈದಾ, ನಮ್ಮ ಗುಲ್ಬರ್ಗಾ ನಾನಿ ನೆನಪಾದ್ಲು. ಅವನಿಗೆ ಏನಾತು?"

ಹೇಳಿದೆ. ಕೈಯಲ್ಲಿದ್ದ ಹೂವು ಕೆಳಗಿಟ್ಟರು. ಎಲ್ಲಿ ಕರೆದರೂ ಬಂದು ಹೇಳುತ್ತೇನೆ ಅಂದರು. ರಜಿಸ್ಟರುಗಳನ್ನು ಕಂಪನಿ ಇಟ್ಟೇ ಇಟ್ಟಿರುತ್ತದೆಯಂತೆ.

ಇನ್ನು ಉಳಿದದ್ದು ಒಂದೇ. ಅಂದು ಪಾಸು ಕೊಟ್ಟೆ, ನಾನು ಶೇಂದ್ರಾಕ್ಕೆ ಹೋಗಲಿಲ್ಲ ಎಂದು ನಿಮ್ಮ ಮಾವ ಪ್ರಮಾಣ ಮಾಡಿ ಬರೆದುಕೊಡಬೇಕು. ಬರೆದುಕೊಟ್ಟರೆ ಕೆಲಸ ಹೋಗುತ್ತದೆ, ನಿಜ. ನಾನು ಕೇಳಿದೆ. ಗೋಡೆಗೆ ಮುಖ ಮಾಡಿ ಮಲಗಿದರು. ಎರಡನೇ ಸಲ ಕೇಳಲಿಲ್ಲ. ಅವರ ಡಬ್ಬಿ ಕಟ್ಟುವುದನ್ನು ಬಿಟ್ಟಿದ್ದೇನೆ. ಮೆಸ್ಸಿನಲ್ಲಿ ಅರವತ್ತು ಜನರಿಗೆ ಕಟ್ಟುತ್ತೇನೆ, ಆ ಒಂದು ಡಬ್ಬಿ ಮೊಳೆಗೆ ತೂಗುಹಾಕಿದೆ.

ನೀನು ಧೈರ್ಯ ಬಿಡಬೇಡ. ನಾನಂತೂ ಬಿಟ್ಟಿಲ್ಲ.

ಅಕ್ಕ


ನಾಶಿಕ್ ರೋಡ್ ಜೈಲು
6 ಜುಲೈ 2024

ಅಕ್ಕನಿಗೆ ಶರಣು.

ನಿನ್ನೆ ನನಗೆ ಮುಲಾಕತ್ ಇದೆ ಎಂದು ಕರೆದರು. ನೀನೇ ಬಂದಿರಬೇಕು ಎಂದು ಮಣ್ಣಿನ ಕೈ ತೊಳೆಯದೆ ಓಡಿದೆ. ಗಾಜಿನ ಆಚೆ ಮಾವ ನಿಂತಿದ್ದರು. ನಿನಗೆ ಹೇಳದೆ ಬಂದಿದ್ದಾರೆ ಎಂದು ಮುಖದ ಮೇಲೇ ಬರೆದಿತ್ತು. ಕೂದಲು ಬಹಳ ಬೆಳ್ಳಗಾಗಿದೆ.

ಇಪ್ಪತ್ತು ನಿಮಿಷ ಕೊಡುತ್ತಾರೆ. ಫೋನ್ ಎತ್ತಿಕೊಂಡು, "ಉಂಡ್ಯಾ?" ಅಂದರು. "ಹೂಂರಿ ಮಾವ" ಅಂದೆ. ಆಮೇಲೆ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸುತ್ತ ನಿಂತರು. ಸಿಪಾಯಿ ಗಡಿಯಾರ ತೋರಿಸಿದ ಮೇಲೆ ಬಾಯಿ ಬಿಟ್ಟರು.

"ಶಾಂತೂ, ನಾ ಕೆಲಸದ ಮ್ಯಾಲ ಇರಲಿಲ್ಲ ಅಂದ್ರ, ಹಂಗಾರ ನೀ ಎಲ್ಲಿದ್ದಿ ಅಂತ ಪೊಲೀಸರು ನನ್ನ ಹಿಡೀತಾರಂತ ಅಂಜಿದೆ. ಮೊದಲನೇ ದಿನ ಅಂಜಿದೆ. ಎರಡನೇ ದಿನ ಹೇಳೋಣಂದ್ರ, ನಿನ್ನೆ ಯಾಕ ಹೇಳಲಿಲ್ಲ ಅಂತಾರಲ್ಲ ಅಂತ ಅಂಜಿದೆ. ಹಂಗ ಐದು ವರ್ಷ ಆತು."

"ಬ್ಯಾಡ ಅಂದಾವ ನಾನ ಅಲ್ಲೇನ್ರೀ ಮಾವ?"

"ನೀ ಬ್ಯಾಡಂದಿ. ನಾ ಯಾಕ ಹೂಂ ಅಂದೆ?"

ಅಕ್ಕಾ, ನಿಜ ಹೇಳುತ್ತೇನೆ. ಅವರ ಮೇಲೆ ನನಗೆ ಸಿಟ್ಟೇ ಇಲ್ಲ ಎಂದು ಐದು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಸಿಟ್ಟು ಇತ್ತು. ಅವರು ಆ ಮಾತು ಕೇಳಿದಾಗಲೇ ಗೊತ್ತಾಯಿತು, ಎಷ್ಟಿತ್ತು ಎಂದು. ಅಲ್ಲೇ ಗಾಜಿಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಅವರೂ ಅತ್ತರು. ಸಿಪಾಯಿ ಪಾಪ ಬೇರೆ ಕಡೆ ನೋಡಿದ.

ಹೋಗುವಾಗ ಅಂದರು, "ನಿಮ್ಮಕ್ಕ ಡಬ್ಬಿ ಕಟ್ಟೂದು ಬಿಟ್ಟಾಳ. ಕ್ಯಾಂಟೀನದಾಗ ಹೊಟ್ಟಿ ತುಂಬತದ ಖರೆ, ಊಟ ಅನಸೂದಿಲ್ಲ."

ಅವರು ಬರೆದುಕೊಡುತ್ತಾರೋ ಇಲ್ಲವೋ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬರೆದುಕೊಡಲಿ ಎಂದು ಈಗ ನನಗೆ ಆಸೆಯಾಗುತ್ತಿದೆ. ಬೇಡ ಎಂದು ಇನ್ನು ಹೇಳಲಾರೆ. ಹೊರಗೆ ಬರಬೇಕು ಅಕ್ಕಾ.

ನಿನ್ನ
ಶಾಂತೂ


ಸಂಭಾಜಿನಗರ
14 ಸೆಪ್ಟೆಂಬರ್ 2024

ಚಿ. ಶಾಂತೂಗೆ ಆಶೀರ್ವಾದ.

ಓಣಿಯ ಗಣಪತಿಯ ಇಲಿಯನ್ನು ದಿನಾ ನೋಡುತ್ತೇನೆ. ನಿನ್ನ ಕೈಯದೇ ಇರಲಿಕ್ಕಿಲ್ಲ, ಆದರೂ ಅದಕ್ಕೊಂದು ಮೋದಕ ಹೆಚ್ಚಿಗೆ ಇಡುತ್ತೇನೆ.

ವಕೀಲರು ಹೇಳಿ ಕಳಿಸಿರಬಹುದು, ಆದರೂ ನನ್ನ ಬಾಯಿಂದ ಕೇಳು. ನಿನ್ನ ಹತ್ತಿರ ಬಂದು ಹೋದ ಎಂಟೇ ದಿನಕ್ಕೆ ನಿಮ್ಮ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, "ವಕೀಲರ ಮನಿ ಯಾವ ಕಡೆ?" ಅಂದರು. ನಾನು ಮುಂದೆ, ಅವರು ಹಿಂದೆ. ಪ್ರಮಾಣಪತ್ರದಲ್ಲಿ ಎಲ್ಲವನ್ನೂ ಬರೆಸಿದರು, ಬೆನ್ನು, ಎಣ್ಣೆ, ಸಿಲ್ಲೋಡದ ಬಸ್ಸು, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಹೆಬ್ಬೆಟ್ಟು ಒತ್ತಿ, ಶಾಯಿ ಒರೆಸಿಕೊಳ್ಳದೆ ಅದನ್ನೇ ನೋಡುತ್ತ ಕೂತರು.

ಹೊಸ ಸಾಕ್ಷ್ಯವನ್ನು ನೋಡಲು ಹೈಕೋರ್ಟು ಒಪ್ಪಿದೆ. ಕಂಪನಿಯಿಂದ ರಜಿಸ್ಟರು ಬಂತು. ಮಹಿಬೂಬ ಹೇಳಿದ ಪುಟ, ಹೇಳಿದ ಗಂಟೆ, ಬದಿಯಲ್ಲಿ "ಬಲ". ಅದನ್ನು ನಿನ್ನ ಹೆಬ್ಬೆಟ್ಟಿನ ಜೊತೆಗೂ ಮಾವನ ಹೆಬ್ಬೆಟ್ಟಿನ ಜೊತೆಗೂ ಹೋಲಿಸಿ ನೋಡಲು ತಜ್ಞರಿಗೆ ಕಳಿಸುತ್ತಾರೆ.

ಕಂಪನಿಯವರಿಗೂ ಸುದ್ದಿ ಮುಟ್ಟಿತು. ನಿನ್ನೆ ಅವರ ಕಡೆಯ ದಿನ. ಬೆಳಿಗ್ಗೆ ನಾನು ಮೊಳೆಯಿಂದ ಡಬ್ಬಿ ಇಳಿಸಿ, ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಹಿಂಡಿ ಕಟ್ಟಿಕೊಟ್ಟೆ. ಒಯ್ದರು. ಸಂಜೆ ಪಾಸನ್ನು ಗೇಟಿನಲ್ಲೇ ಕೊಟ್ಟು ಬಂದೆ ಎಂದು ಹೇಳಿ ಡಬ್ಬಿಯನ್ನು ಒಲೆಯ ಬದಿಗಿಟ್ಟರು.

ತೊಳೆಯಲು ತೆಗೆದೆ. ಒಳಗೆ ಕ್ಯಾಂಟೀನಿನ ಕಾಗದದಲ್ಲಿ ಸುತ್ತಿದ ಶೇಂಗಾ ಚಿಕ್ಕಿ ಇತ್ತು.

ಈ ಸಲ ಅವರೇ ಇಟ್ಟದ್ದು. ಇರುವೆಗೆ ಬಿಡಲಿಲ್ಲ, ನಿಂತಲ್ಲೇ ತಿಂದೆ. ಇವತ್ತಿನಿಂದ ಅವರು ನನ್ನ ಮೆಸ್ಸಿನಲ್ಲಿ ಕೂತು ಹಿಟ್ಟು ನಾದುತ್ತಾರೆ. ಕೂತು ಮಾಡುವ ಕೆಲಸ, ಬೆನ್ನಿಗೂ ಒಳ್ಳೆಯದು. ರೊಟ್ಟಿ ಮಾತ್ರ ಭಾರತದ ನಕಾಶೆ ಆಗುತ್ತದೆ.

ನಿನ್ನ ಅಕ್ಕ
ಮಂಗಲಾ


ನಾಶಿಕ್ ರೋಡ್ ಜೈಲು
20 ಡಿಸೆಂಬರ್ 2024

ಅಕ್ಕನಿಗೂ ಮಾವನಿಗೂ ಶರಣು.

ನನ್ನ ಹೆಬ್ಬೆಟ್ಟು ತೆಗೆದುಕೊಂಡು ಹೋಗಿದ್ದರಲ್ಲ, ವರದಿ ಬಂತಂತೆ. ವೈಜನಾಥ ವಕೀಲರು ತಾವೇ ಬಂದು ಹೇಳಿದರು. ರಜಿಸ್ಟರಿನಲ್ಲಿರುವುದು ನನ್ನದೇ. ಮಾವನದಲ್ಲ. ಆ ದಿನ ತಜ್ಞರಿಗಾಗಿ ಮೂರು ಸಲ ಕೈ ತೊಳೆಸಿದರು, ಗೆರೆಗಳಲ್ಲಿ ಗಣಪತಿಯ ಮಣ್ಣು ಕೂತಿತ್ತು.

ಇನ್ನು ಪೂರ್ತಿ ವಿಚಾರಣೆ ಫೆಬ್ರುವರಿಯಲ್ಲಿ. ಸರಕಾರಿ ವಕೀಲರು ಸುಮ್ಮನೆ ಬಿಡುವುದಿಲ್ಲ, ಐದು ವರ್ಷ ಯಾಕೆ ಸುಳ್ಳು ಹೇಳಿದೆ ಎಂದು ಕೇಳಿಯೇ ಕೇಳುತ್ತಾರೆ. ಕೇಳಲಿ. ಈ ಸಲ ಉತ್ತರ ನಿಜದ್ದಿದೆ.

ಒಂದು ಯೋಚನೆ ಮಾತ್ರ ಬಿಡದು. ರಾಕೇಶನಿಗೂ ಹೆಂಡತಿ ಮಕ್ಕಳಿದ್ದರು. ನಾನು ಸುಳ್ಳು ಹೇಳಿ ಇಲ್ಲಿ ಕೂತಾಗ, ನಿಜವಾಗಿ ಕೊಂದವನನ್ನು ಯಾರೂ ಹುಡುಕಲೇ ಇಲ್ಲ. ಹೊರಗೆ ಬಂದರೆ ಮೊದಲು ಅವರ ಮನೆಗೆ ಹೋಗಬೇಕು ಎಂದಿದ್ದೇನೆ. ಬಾಗಿಲು ತೆರೆಯುತ್ತಾರೋ ಇಲ್ಲವೋ ಗೊತ್ತಿಲ್ಲ.

"ಹೊರಗೆ ಬಂದರೆ" ಎಂದು ಬರೆದೆ ನೋಡು. ಮುಂಚೆ ಬರೆದಿರಲಿಲ್ಲ.

ಶಾಂತಕುಮಾರ


ಸಂಭಾಜಿನಗರ
22 ಫೆಬ್ರುವರಿ 2025

ಚಿ. ಶಾಂತೂಗೆ ಅಕ್ಕನ ಆಶೀರ್ವಾದ.

ಈ ಪತ್ರ ಟಪಾಲಿನಲ್ಲಿ ಬರುವುದಿಲ್ಲ. ಜತ್ತಿನ ಸಿಪಾಯಿ ಓದುವುದೂ ಬೇಡ, ಸಿಕ್ಕಾ ಬೀಳುವುದೂ ಬೇಡ. ಇದನ್ನು ಡಬ್ಬಿಯ ಮೇಲಿನ ಖಾನೆಯಲ್ಲಿ ಮಡಚಿ ಇಟ್ಟಿದ್ದೇನೆ. ಜೈಲಿನ ಗೇಟಿನ ಹೊರಗೆ ನಿಂತು ಓದು.

ನಿನ್ನೆ ಕೋರ್ಟಿನಲ್ಲಿ ನಾನು ಹಿಂದಿನ ಬೆಂಚಿನ ಮೇಲೆ ಕೂತಿದ್ದೆ. ನ್ಯಾಯಮೂರ್ತಿಗಳು ಇಂಗ್ಲಿಷಿನಲ್ಲಿ ಓದುತ್ತಿದ್ದರು. ನನಗೆ ತಿಳಿದದ್ದು ನಿನ್ನ ಹೆಸರು ಒಂದೇ. ವಕೀಲರು ಹಿಂದೆ ತಿರುಗಿ ನೋಡಿದರು, ನಕ್ಕರು, ಅಷ್ಟರಲ್ಲಿ ತಿಳಿಯಿತು. ಶಿಕ್ಷೆ ರದ್ದು. ಬೇರೆ ಕೇಸೇನೂ ಇಲ್ಲವಾದರೆ ಕೂಡಲೇ ಬಿಡಬೇಕು ಎಂದು ಬರೆದಿದ್ದಾರಂತೆ. ನಿಮ್ಮ ಮಾವ ಕಂಬ ಹಿಡಿದು ಕೂತುಬಿಟ್ಟರು, ಬೆನ್ನು ಹಿಡಿಯಿತೋ ಏನೋ ಎಂದು ನಾನು ಗಾಬರಿಯಾದೆ. ಸಾಯಂಕಾಲ ಜಗದೇವಿಯ ಮನೆಗೆ ಪೇಢೆ ಒಯ್ದೆ. ಅವಳು ನಿಜವನ್ನೇ ಹೇಳಿದ್ದಳು, ಅದಕ್ಕೆ ಅವಳನ್ನು ಬೈದದ್ದು ನನ್ನ ತಪ್ಪು. ಇಬ್ಬರೂ ಅತ್ತು ಪೇಢೆ ತಿಂದೆವು.

ನಿನ್ನನ್ನು ಕರೆತರಲು ನಾನು ಬರುತ್ತಿಲ್ಲ, ಡಬ್ಬಿ ಹಿಡಿದು ನಿಮ್ಮ ಮಾವ ಬರುತ್ತಾರೆ. ಬರಬೇಕೆಂದು ಜೀವ ಹೊಡೆದುಕೊಳ್ಳುತ್ತಿದೆ. ಆದರೆ ನಾನು ಬಂದರೆ ದಾರಿಯುದ್ದಕ್ಕೂ ನಾನೇ ಮಾತಾಡುತ್ತೇನೆ, ನೀವಿಬ್ಬರೂ ನನ್ನ ಹಿಂದೆ ಅಡಗಿ ಕೂಡುತ್ತೀರಿ. ನಾಶಿಕದಿಂದ ಇಲ್ಲಿಗೆ ಬಸ್ಸಿನಲ್ಲಿ ಐದು ತಾಸು. ಮಾವ, ನೀನು ಅಕ್ಕಪಕ್ಕ ಕೂತು ಬನ್ನಿ. ಮಾತಾಡದೆ ಬಂದರೂ ನಡೆಯುತ್ತದೆ.

ಡಬ್ಬಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು ಇವೆ. ಒಂದು ರೊಟ್ಟಿ ನಕಾಶೆಯಂತಿದೆ, ಅದು ಯಾರ ಕೈಯದು ಎಂದು ಕೇಳಬೇಡ, ತಿನ್ನು.

ಇನ್ನೊಂದು ಮಾತು. ಶೇಂಗಾ, ಬಾರಿಹಣ್ಣು, ಚಿಕ್ಕಿ ಎಂದು ಬಸ್ ಸ್ಟ್ಯಾಂಡಿನಲ್ಲಿ ಹುಡುಕುತ್ತ ನಿಂತು ಬಸ್ಸು ತಪ್ಪಿಸಿಕೊಳ್ಳಬೇಡ. ಈ ಸಲ ಡಬ್ಬಿಯಲ್ಲಿ ಏನೂ ಹಾಕಬೇಡ. ನಿನ್ನ ಕೈಯಲ್ಲಿ ಬಂದ ಡಬ್ಬಿಯನ್ನು ಬರೇ ಡಬ್ಬಿ ಎಂದು ಅವ್ವ ಇದ್ದಿದ್ದರೂ ಅನ್ನುತ್ತಿರಲಿಲ್ಲ.

ಬಾಗಿಲಲ್ಲಿ ನಿಂತಿರುವ
ಮಂಗಲಾ ಅಕ್ಕ